ಖಾತ್ರಿಯಾಗದ ಕೆಲಸಕ್ಕೆ ಜನ ಹಿಡಿದಿಡೋದು ಹೇಗೆ? ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಗೊತ್ತಿರುವವರು ಹೇಳಿ

ಸಂತೆಪೇಟೆ ಸರ್ಕ್ಯೂಟ್, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಒಂದು ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಆಫೀಸಿನಲ್ಲಿದ್ದೇನೆ. ಯಾವ ಸೈಟಿಗೆ ಯಾರು ಹೋಗಬೇಕು, ಯಾವತ್ತು ಹೋಗಬೇಕು, ಜನರೇಟರ್ ಎಲ್ಲಿರಬೇಕು, ಇದನ್ನೆಲ್ಲ ನೋಡಿಕೊಳ್ಳುವವಳು ನಾನು. ಮೊದಲು ಉದ್ದನೆಯ ಡೈರಿಯಲ್ಲಿ ನಡೆಯುತ್ತಿತ್ತು. ಓನರ್ ಮಗ ಬೆಂಗಳೂರಿನಿಂದ ಬಂದಾಗ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎನ್ನುವ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಸಿದರು. ಹಾಕಿಸಿ ವಾಪಸ್ ಹೋದರು. ಈಗ ಆಫೀಸಿನಲ್ಲಿ ನಾನು ಮತ್ತು ಅದು, ಇಬ್ಬರೇ.

ನಮ್ಮಲ್ಲಿ ಸೂಪರ್‌ವೈಸರ್ ಪರ್ಮಿಟ್ ಇರುವವರು ಇಬ್ಬರು, ವೈರ್‌ಮನ್‌ಗಳು ಏಳು ಜನ, ದೊಡ್ಡ ಜನರೇಟರ್ ಒಂದು. ಕೆಲಸಕ್ಕೇನೂ ಬರ ಇಲ್ಲ. ತಲೆನೋವೆಲ್ಲ ಅರ್ಧ ಸಿಕ್ಕಿರುವ ಕೆಲಸಗಳದ್ದು.

ಅಕ್ಟೋಬರ್ ತಿಂಗಳನ್ನೇ ನೋಡಿ. ಹಾಸನಾಂಬೆ ಬಾಗಿಲು ತೆರೆಯುವ ದಿನ ಗುಟ್ಟೇನಲ್ಲ. ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಪಂಚಾಂಗ ಕೈಯಲ್ಲಿದ್ದರೆ ಯುಗಾದಿಗೇ ಹೇಳಬಹುದು. 2025ರಲ್ಲಿ ಅಕ್ಟೋಬರ್ 9ಕ್ಕೆ ಬಂದಿತ್ತು. ಅಲ್ಲಿಂದ ಬಲಿಪಾಡ್ಯಮಿವರೆಗೆ ಊರು ತುಂಬ ಜನ. ಲಾಡ್ಜ್‌ನವರು, ಅಂಗಡಿಯವರು, ಖಾಲಿ ಸೈಟಿನಲ್ಲಿ ಪಾರ್ಕಿಂಗ್ ಮಾಡುವವರು, ಎಲ್ಲರಿಗೂ ಆಗಲೇ ಲೈಟಿಂಗ್ ಬೇಕು, ಜನರೇಟರ್ ಬೇಕು. ಜುಲೈನಲ್ಲೇ "ಈ ಸಲವೂ ನೀವೇ ಮೇಡಂ" ಎನ್ನುತ್ತಾರೆ. ದುಡ್ಡಿನ ಮಾತು ಮಾತ್ರ ಹಿಂದಿನ ವಾರ.

ಅದೇ ಹೊತ್ತಿಗೆ ಸಕಲೇಶಪುರ ಕಡೆಯ ಎಸ್ಟೇಟಿನವರ ಫೋನ್ ಶುರು. ಅರೇಬಿಕಾ ಕಾಫಿ ಹಣ್ಣು ನವೆಂಬರ್‌ಗೆ ಬರುತ್ತದೆ, ಅಷ್ಟರೊಳಗೆ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರು, ಡ್ರೈಯರ್ ಪ್ಯಾನೆಲ್ ಎಲ್ಲ ನೋಡಿಕೊಡಿ ಎಂದು. ಇವರು ಹಳೇ ಗಿರಾಕಿಗಳು, ಕೈ ಬಿಡುವವರಲ್ಲ. ಆದರೆ ಯಾವತ್ತು ಎಂದು ಕೇಳಿದರೆ "ಮಳೆ ನಿಲ್ಲಲಿ ನೋಡೋಣ" ಎನ್ನುತ್ತಾರೆ. ಇದರ ಮೇಲೆ ಮೂಡಿಗೆರೆ ಹತ್ತಿರದ ಒಂದು ರೆಸಾರ್ಟ್. ಕೊಟೇಶನ್ ಒಪ್ಪಿದ್ದಾರೆ, ಅಡ್ವಾನ್ಸ್ "ಮುಂದಿನ ವಾರ". ಆ ಮುಂದಿನ ವಾರ ಇನ್ನೂ ಬಂದಿಲ್ಲ.

ನಾನು ಈಗ ಮಾಡುತ್ತಿರುವುದು ಇಷ್ಟು. ಎಲ್ಲ ಕೆಲಸವೂ ಒಂದೇ ಫೈಲಿನಲ್ಲಿದೆ. ಖಾತ್ರಿಯಾದದ್ದಕ್ಕೆ ಹಸಿರು ಬಾರ್, ಆಗದ್ದಕ್ಕೆ ಹಳದಿ. ಸಾಫ್ಟ್‌ವೇರಿಗೆ ಬಣ್ಣ ಎಲ್ಲಿ ಅರ್ಥವಾಗಬೇಕು? ಎರಡನ್ನೂ ಕೂಡಿಸಿ ಎಲ್ಲರ ಮುಂದೆಯೂ ಕೆಲಸ ಮಿತಿಮೀರಿದೆ ಎನ್ನುವ ಕೆಂಪು ಮನುಷ್ಯನ ಗುರುತು ತೋರಿಸುತ್ತದೆ. ಒಂದರ ಮೇಲೊಂದು ಬಿದ್ದ ಕೆಲಸಗಳನ್ನು ತಾನೇ ಮುಂದೂಡುವ ಲೆವೆಲ್ ಬಟನ್ ಒತ್ತಿದರೆ ಇನ್ನೂ ಚೆಂದ. ಅಡ್ವಾನ್ಸ್ ಕೊಟ್ಟವರ ಕೆಲಸ ನವೆಂಬರ್‌ಗೆ ಜಾರುತ್ತದೆ. ಮಾತಲ್ಲೇ ಇರುವ ಕೆಲಸ ಅಕ್ಟೋಬರ್‌ನಲ್ಲಿ ಆರಾಮಾಗಿ ಕೂತಿರುತ್ತದೆ.

ರಿಸೋರ್ಸ್ ಇನ್ಫರ್ಮೇಶನ್‌ನಲ್ಲಿ ಬುಕಿಂಗ್ ಟೈಪ್ ಅಂತ ಒಂದು ಕಂಡಿತು. ಪ್ರಪೋಸ್ಡ್, ಕಮಿಟೆಡ್ ಎಂದು ಎರಡು ಆಯ್ಕೆ. ನನಗೆ ಬೇಕಾದದ್ದೇ ಇದು ಎಂದುಕೊಂಡು ರೆಸಾರ್ಟ್ ಕೆಲಸಕ್ಕಾಗಿ ಒಬ್ಬ ಸೂಪರ್‌ವೈಸರ್‌ಗೆ ಪ್ರಪೋಸ್ಡ್ ಕೊಟ್ಟೆ. ಅವರ ಹೆಸರಿನಲ್ಲಿದ್ದ ಎಲ್ಲ ಕೆಲಸವೂ ಪ್ರಪೋಸ್ಡ್ ಆಯಿತು! ಕೆಲಸಕ್ಕೊಂದರಂತೆ ಬೇರೆ ಬೇರೆ ಕೊಡಲು ಬರುವುದಿಲ್ಲವೇ? ನೀವೆಲ್ಲ ಹೇಗೆ ಮಾಡುತ್ತೀರಿ?

ಗಿರಿಸಾಲಿನ ಗ್ಯಾಂಟ್, ಚಿಕ್ಕಮಗಳೂರು

ಮೇಡಂ, ಮೊದಲು ಬುಕಿಂಗ್ ಟೈಪ್ ವಿಷಯ ಮುಗಿಸಿಬಿಡೋಣ. ಅದು ವ್ಯಕ್ತಿಗೆ ಅಂಟಿದ್ದು, ಕೆಲಸಕ್ಕಲ್ಲ. ಒಂದು ಪ್ರಾಜೆಕ್ಟ್ ಫೈಲಿನಲ್ಲಿ ಒಬ್ಬರು ಒಂದೋ ಪ್ರಪೋಸ್ಡ್, ಇಲ್ಲ ಕಮಿಟೆಡ್. ಇದು ಪ್ರಾಜೆಕ್ಟ್ ಸರ್ವರ್ ಇಟ್ಟುಕೊಂಡಿರುವ ದೊಡ್ಡ ಕಂಪನಿಗಳಿಗೆಂದು ಮಾಡಿದ್ದು. ಅಲ್ಲಿ ಪ್ರತಿ ಪ್ರಾಜೆಕ್ಟ್ ಬೇರೆ ಬೇರೆ, ಜನ ಮಾತ್ರ ಎಲ್ಲರಿಗೂ ಸೇರಿ ಒಂದೇ ಪೂಲ್. ಒಬ್ಬ ಇಂಜಿನಿಯರ್ ಒಂದರಲ್ಲಿ ಕಮಿಟೆಡ್, ಇನ್ನೊಂದರಲ್ಲಿ ಪ್ರಪೋಸ್ಡ್ ಇರಬಹುದು. ಯಾರು ಖಾಲಿ ಇದ್ದಾರೆ ಎಂದು ನೋಡುವಾಗ ಪ್ರಪೋಸ್ಡ್ ಸೇರಿಸಬೇಕೋ ಬೇಡವೋ ಎನ್ನುವುದಕ್ಕೆ ಒಂದು ಟಿಕ್ ಇರುತ್ತದೆ. ಲೆವೆಲಿಂಗ್ ಆಪ್ಷನ್ಸ್‌ನಲ್ಲೂ ಹಾಗೇ ಒಂದು ಟಿಕ್ ಇದೆ. ಎಲ್ಲ ಕೆಲಸವನ್ನೂ ಒಂದೇ ಫೈಲಿನಲ್ಲಿ ಇಟ್ಟಿರುವ ನಿಮಗೆ ಇದರಿಂದ ಉಪಯೋಗ ಇಲ್ಲ. ಎಲ್ಲರನ್ನೂ ಕಮಿಟೆಡ್ ಮಾಡಿ ಮರೆತುಬಿಡಿ.

ಈಗ ಅಸಲಿ ವಿಷಯ. ನಿಮ್ಮ ಹಳದಿ ಬಾರ್ ಒಳಗೆ ಎರಡು ಬೇರೆ ಬೇರೆ ಥರದ ಅನುಮಾನ ಸೇರಿಕೊಂಡಿದೆ. ಹಾಸನಾಂಬೆ ಸಮಯದ ಲೈಟಿಂಗ್‌ನಲ್ಲಿ ದಿನ ಗಟ್ಟಿ, ಆರ್ಡರ್ ಗಟ್ಟಿ ಇಲ್ಲ. ಎಸ್ಟೇಟ್ ಪ್ಯಾನೆಲ್ ಕೆಲಸದಲ್ಲಿ ಆರ್ಡರ್ ಗಟ್ಟಿ, ದಿನ ಗಟ್ಟಿ ಇಲ್ಲ. ಎರಡಕ್ಕೂ ಒಂದೇ ಬಣ್ಣ ಬಳಿದರೆ ಸಾಫ್ಟ್‌ವೇರ್ ಇರಲಿ, ಮನುಷ್ಯರಿಗೂ ಗೊಂದಲವೇ.

ಎಸ್ಟೇಟ್ ಕೆಲಸ ಸುಲಭ. ಅದು ಬಂದೇ ಬರುತ್ತದೆ, ಅಷ್ಟು ಜನ, ಅಷ್ಟು ದಿನ ಹೋಗಿಯೇ ಹೋಗುತ್ತಾರೆ. ಹಾಗಾಗಿ ಅದನ್ನು ಖಾತ್ರಿ ಎಂದೇ ಬರೆಯಿರಿ. ಪ್ರಯಾರಿಟಿ ಕಡಿಮೆ ಕೊಡಿ, 300 ಅಂದುಕೊಳ್ಳಿ. ಸುಮ್ನೆ ಬಿಟ್ಟರೆ ಎಲ್ಲದಕ್ಕೂ 500 ಇರುತ್ತದೆ. ಡೆಡ್‌ಲೈನ್ ಕಾಲಂನಲ್ಲಿ ಅಕ್ಟೋಬರ್ 31 ಹಾಕಿ. ಡೆಡ್‌ಲೈನ್ ಹಾಕಿದರೆ ಕೆಲಸವೇನೂ ಅಲ್ಲಿಗೆ ಕಟ್ಟಿಹೋಗುವುದಿಲ್ಲ, ಆ ದಿನ ದಾಟಿದರೆ ಕೆಂಪು ಗುರುತು ತೋರಿಸುತ್ತದೆ ಅಷ್ಟೆ. ಆಮೇಲೆ ಲೆವೆಲಿಂಗ್ ಆರ್ಡರ್‌ನಲ್ಲಿ "ಪ್ರಯಾರಿಟಿ, ಸ್ಟ್ಯಾಂಡರ್ಡ್" ಎನ್ನುವುದನ್ನು ಆರಿಸಿ. ಬರೀ ಸ್ಟ್ಯಾಂಡರ್ಡ್ ಎಂದು ಬಿಟ್ಟರೆ ಪ್ರಯಾರಿಟಿಯನ್ನು ಮೊದಲು ನೋಡುವುದಿಲ್ಲ. ನಿಮ್ಮ ಅಡ್ವಾನ್ಸ್ ಬಂದ ಕೆಲಸ ನವೆಂಬರ್‌ಗೆ ಜಾರಿದ್ದು ಹೆಚ್ಚುಕಮ್ಮಿ ಇದಕ್ಕೇ ಇರಬೇಕು. ಇದನ್ನು ಸರಿ ಮಾಡಿದರೆ ಮಳೆ ನೋಡಿಕೊಂಡು ಎಸ್ಟೇಟ್ ಕೆಲಸ ಹಿಂದೆ ಮುಂದೆ ಆಗುತ್ತದೆ, ಬೇರೆಯದು ಅಲುಗುವುದಿಲ್ಲ.

ಲೈಟಿಂಗ್ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅದನ್ನು ಲೆವೆಲಿಂಗ್ ಎರಡು ವಾರ ಮುಂದಕ್ಕೆ ತಳ್ಳಿದರೆ ದೇವಸ್ಥಾನದ ಬಾಗಿಲು ಮುಚ್ಚಿದ ಮೇಲೆ ಪಾರ್ಕಿಂಗ್‌ಗೆ ಲೈಟ್ ಹಾಕಿದ ಹಾಗಾಗುತ್ತದೆ. ಅದಕ್ಕೆ ಪ್ರಯಾರಿಟಿ 1000 ಕೊಡಿ. 1000 ಇದ್ದರೆ ಲೆವೆಲಿಂಗ್ ಅದನ್ನು ಮುಟ್ಟುವುದೇ ಇಲ್ಲ. ಆಗ ಉಳಿಯುವ ಪ್ರಶ್ನೆ ಒಂದೇ, ಆ ಕೆಲಸ ಇದೆಯೋ ಇಲ್ಲವೋ. ಇದಕ್ಕೆ ನಾನು ಮೂರು ಹಂತ ಇಟ್ಟುಕೊಂಡಿದ್ದೇನೆ: "ಕೇಳಿದ್ದಾರೆ", "ಹಿಡಿದಿದೆ", "ಖಾತ್ರಿ".

"ಕೇಳಿದ್ದಾರೆ" ಎಂದರೆ ಫೋನ್ ಬಂದಿದೆ ಅಷ್ಟೆ. ಆ ಸಾಲನ್ನು ಆಯ್ದು ಟಾಸ್ಕ್ ಟ್ಯಾಬಿನಲ್ಲಿ ಇನ್‌ಆಕ್ಟಿವೇಟ್ ಒತ್ತಿ. ಹೆಸರಿನ ಮೇಲೆ ಗೀಟು ಬೀಳುತ್ತದೆ. ಕೆಲಸ ಪಟ್ಟಿಯಲ್ಲೇ ಇರುತ್ತದೆ, ಜನರ ಸಮಯ ಮಾತ್ರ ತಿನ್ನುವುದಿಲ್ಲ. ಅದರ ಹಿಂದೆ ಮುಂದೆ ಲಿಂಕ್ ಇದ್ದರೆ ಹುಷಾರು, ಇನ್‌ಆಕ್ಟಿವ್ ಟಾಸ್ಕ್ ಮುಂದಿನದನ್ನು ತಡೆದು ನಿಲ್ಲಿಸುವುದಿಲ್ಲ.

"ಹಿಡಿದಿದೆ" ಎಂದರೆ ಟಾಸ್ಕ್ ಆಕ್ಟಿವ್, ಜನ ಲೆಕ್ಕಕ್ಕೆ ಸೇರುತ್ತಾರೆ, ಆದರೆ ಒಂದು ದಿನಾಂಕದವರೆಗೆ ಮಾತ್ರ. ಡೇಟ್1 ಕಾಲಂ ತೆಗೆದುಕೊಂಡು "ಎಲ್ಲಿಯವರೆಗೆ" ಎಂದು ಹೆಸರಿಡಿ. ಈ ಕಾಲಂ ಖಾಲಿ ಇದ್ದರೆ "ಹಿಡಿದಿದೆ" ಅಂತ ಬರೆಯಲೇಬಾರದು. ಪ್ರತಿ ಸೋಮವಾರ ದಿನ ದಾಟಿದವನ್ನು ಫಿಲ್ಟರ್ ಮಾಡಿ ನೋಡಿ. ದಾಟಿದ್ದರೆ ಫೋನ್ ಮಾಡಿ, ಇಲ್ಲ ಇನ್‌ಆಕ್ಟಿವೇಟ್ ಮಾಡಿ.

"ಖಾತ್ರಿ" ಎಂದರೆ ದುಡ್ಡು ಬಂದದ್ದು. ಅದಕ್ಕೆ ವಿವರಣೆ ಬೇಡ.

ಹಂತವನ್ನು ಟೆಕ್ಸ್ಟ್1 ಕಾಲಂನಲ್ಲಿ ಬರೆಯಿರಿ. ಕಸ್ಟಮ್ ಫೀಲ್ಡ್ಸ್ ಬಾಕ್ಸಿನ ಕೆಳಗಡೆ, ಅಸೈನ್‌ಮೆಂಟ್ ಸಾಲುಗಳಿಗೆ "ರೋಲ್ ಡೌನ್" ಎನ್ನುವುದೊಂದಿದೆ. ಜನ ಅದನ್ನು ನೋಡುವುದೇ ಇಲ್ಲ. ಅದನ್ನು ಒತ್ತಿದರೆ ಟಾಸ್ಕಿಗೆ ಬರೆದ ಹಂತ ಅದರಡಿಯ ಪ್ರತಿ ವ್ಯಕ್ತಿಯ ಸಾಲಿಗೂ ಇಳಿಯುತ್ತದೆ. ಆಮೇಲೆ ರಿಸೋರ್ಸ್ ಯೂಸೇಜ್ ವ್ಯೂ ತೆರೆದು ಅಲ್ಲೂ ಟೆಕ್ಸ್ಟ್1 ಕಾಲಂ ಸೇರಿಸಿಕೊಂಡರೆ ನಿಮ್ಮ ಸೂಪರ್‌ವೈಸರ್ ಹೆಸರಿನ ಕೆಳಗೆ ಯಾವುದು ಖಾತ್ರಿ, ಯಾವುದು ಹಿಡಿದದ್ದು ಎಂದು ಒಂದೊಂದಾಗಿ ಕಾಣುತ್ತದೆ. ನೀವು ಬುಕಿಂಗ್ ಟೈಪ್‌ನಲ್ಲಿ ಹುಡುಕಿದ್ದು ಇದನ್ನೇ.

ರಿಂಗ್ ರೋಡ್ ರಿಟರ್ನ್ಡ್

ಇಷ್ಟೆಲ್ಲ ಯಾಕೆ ಗುರು? ನಾನು ಬೆಂಗಳೂರಿನಲ್ಲಿ ಐಟಿ ಕಂಪನಿಯ ರಿಸೋರ್ಸಿಂಗ್ ಟೀಮಿನಲ್ಲಿದ್ದೆ. ಒಂದು ಡೀಲ್ ಬರುವ ಸಾಧ್ಯತೆ 50 ಪರ್ಸೆಂಟ್ ಎಂದರೆ ಬೇಕಾದ ಜನರಲ್ಲಿ ಅರ್ಧ ಲೆಕ್ಕ ಹಿಡಿಯುತ್ತಿದ್ದೆವು. 80 ಪರ್ಸೆಂಟ್ ಎಂದರೆ 80. ಇವರೂ ಹಾಗೇ, ಒಬ್ಬರ ಸಮಯದಲ್ಲಿ ಎಷ್ಟು ಪಾಲು ಎಂದು ಬರೆಯುವ ಯೂನಿಟ್ಸ್‌ನಲ್ಲಿ 50 ಪರ್ಸೆಂಟ್ ಹಾಕಿದರೆ ಆಯ್ತು. ಮೂರು ಹಂತ, ನಾಲ್ಕು ಕಾಲಂ ಯಾವುದೂ ಬೇಡ.

ಗಿರಿಸಾಲಿನ ಗ್ಯಾಂಟ್, ಚಿಕ್ಕಮಗಳೂರು

ನಿಮ್ಮಲ್ಲಿ ಅದು ನಡೆಯುತ್ತದೆ. ಹತ್ತಾರು ಡೀಲ್, ನೂರಾರು ಜನ. ಕೆಲವು ಬರುತ್ತವೆ, ಕೆಲವು ಹೋಗುತ್ತವೆ, ಒಟ್ಟು ಲೆಕ್ಕ ಹತ್ತಿರಕ್ಕೆ ಬಂದು ಕೂರುತ್ತದೆ. ಇಲ್ಲಿ ಪರ್ಮಿಟ್ ಇರುವವರು ಇಬ್ಬರು. ಅರ್ಧ ಸೂಪರ್‌ವೈಸರ್ ಮೂಡಿಗೆರೆ ಬಸ್ ಹತ್ತುವುದಿಲ್ಲ. ಹೋದರೆ ಪೂರ್ತಿ ಹೋಗುತ್ತಾರೆ, ಇಲ್ಲದಿದ್ದರೆ ಹಾಸನದಲ್ಲಿರುತ್ತಾರೆ. ಜನರೇಟರ್ ಕಥೆಯೂ ಅದೇ.

ಇನ್ನೊಂದು ತೊಂದರೆ ಇದೆ. ಮೊದಲು 100 ಕೊಟ್ಟು ಆಮೇಲೆ 50ಕ್ಕೆ ಇಳಿಸಿದರೆ, ಫಿಕ್ಸ್ಡ್ ಯೂನಿಟ್ಸ್ ಟಾಸ್ಕಿನಲ್ಲಿ ಗಂಟೆ ಅಷ್ಟೇ ಉಳಿದು ದಿನ ಡಬಲ್ ಆಗುತ್ತದೆ. ನಾಲ್ಕು ದಿನದ ವೈರಿಂಗ್ ಎಂಟು ದಿನ ಎಂದು ತೋರಿಸುತ್ತದೆ. ಅನುಮಾನವನ್ನು ಬರೆಯಲು ಹೋಗಿ ಕೆಲಸವನ್ನೇ ಬದಲಾಯಿಸಿದ ಹಾಗಾಯಿತು, ಅಲ್ವಾ?

ರಿಂಗ್ ರೋಡ್ ರಿಟರ್ನ್ಡ್

ದಿನ ಡಬಲ್ ಆಗುವುದು ಸರಿ, ಅದನ್ನು ಒಪ್ಪುತ್ತೇನೆ. ಆದರೆ ವರ್ಷದ ಮೇಲೆ ಇನ್ನೊಬ್ಬರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕಾ ಎಂದು ಓನರ್ ಕೇಳಿದರೆ ನನ್ನ ಲೆಕ್ಕವೇ ಬೇಕಾಗುತ್ತದೆ. ಅದು ದಿನದ ಪಟ್ಟಿಗಲ್ಲ, ಅಷ್ಟೆ.

ಹೊಯ್ಸಳ ವೈರಿಂಗ್, ಬೇಲೂರು

ನೋಡಮ್ಮ, ನನಗೆ ಈ ಸಾಫ್ಟ್‌ವೇರ್ ಗೊತ್ತಿಲ್ಲ. ಕಾಂಟ್ರಾಕ್ಟ್ ಗೊತ್ತು. "ಎಲ್ಲಿಯವರೆಗೆ" ಕಾಲಂ ಎಂದರಲ್ಲ, ಅದು ಒಳ್ಳೆಯ ಮಾತು. ಆದರೆ ಆ ದಿನ ನಿಮ್ಮ ಕಂಪ್ಯೂಟರಿಗೆ ಮಾತ್ರ ಗೊತ್ತಿದ್ದರೆ ಏನು ಪ್ರಯೋಜನ? ಗಿರಾಕಿಗೆ ಗೊತ್ತಿರಬೇಕು. ಮದುವೆ ಛತ್ರದವರನ್ನು ನೋಡಿ. ಇಂಥ ದಿನದವರೆಗೆ ನಿಮಗೆ ಹಿಡಿದಿಡುತ್ತೇವೆ, ಅಷ್ಟರೊಳಗೆ ಅಡ್ವಾನ್ಸ್ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಮೊದಲೇ ಹೇಳುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊಟೇಶನ್ ಕೆಳಗೇ ಒಂದು ಸಾಲು ಹಾಕಿ. "ಈ ದಿನಾಂಕದವರೆಗೆ ಜನ ಮತ್ತು ಜನರೇಟರ್ ನಿಮಗಾಗಿ ಇಟ್ಟಿರುತ್ತೇವೆ" ಅಂತ. ಮಧ್ಯದಲ್ಲಿ ಇನ್ನೊಬ್ಬರು ದುಡ್ಡು ಹಿಡಿದುಕೊಂಡು ಬಂದರೆ ಮೊದಲಿನವರಿಗೆ ಫೋನ್ ಮಾಡಿ, ನಾಳೆ ಸಂಜೆಯೊಳಗೆ ಹೇಳಿ ಎನ್ನಿ. ಅವರು ಹೂಂ ಎಂದರೆ ಅಡ್ವಾನ್ಸ್ ಕೊಡಲಿ. ಸುಮ್ಮನಿದ್ದರೆ ಎರಡನೆಯವರಿಗೆ ಕೊಡಿ. ಹೇಳದೆ ಮಾತ್ರ ಯಾರದ್ದನ್ನೂ ಕಿತ್ತು ಯಾರಿಗೂ ಕೊಡಬೇಡಿ. ಇಷ್ಟು ಚಿಕ್ಕ ಊರುಗಳಲ್ಲಿ ಆ ಮಾತು ಬೇಗ ಓಡಾಡುತ್ತದೆ.

ಇನ್ನೊಂದು. ದುಡ್ಡು ಬಂದ ತಕ್ಷಣ ಎಲ್ಲ ಗಟ್ಟಿ ಎಂದುಕೊಳ್ಳಬೇಡಿ. ಲೈನ್ ಕ್ಲಿಯರ್ ಬೇಕಾದ ಕೆಲಸಕ್ಕೆ ಕರೆಂಟ್ ತೆಗೆಯುವ ದಿನ ನಮ್ಮ ಕೈಯಲ್ಲಿಲ್ಲ. ಸಕಲೇಶಪುರ ಸೆಸ್ಕ್‌ಗೆ ಬರುತ್ತದೆ, ಮೂಡಿಗೆರೆ ಮೆಸ್ಕಾಂಗೆ. ಒಂದೇ ವಾರದಲ್ಲಿ ಎರಡೂ ಕಡೆ ಇದ್ದರೆ ಎರಡು ಆಫೀಸು, ಎರಡು ಅರ್ಜಿ. ಆ ದಿನ ಬರುವವರೆಗೆ ಸೂಪರ್‌ವೈಸರ್ ಹೆಸರು ಬರೆಯುವುದು ಸುಮ್ನೆ.

ಸಂತೆಪೇಟೆ ಸರ್ಕ್ಯೂಟ್, ಹಾಸನ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಆರ್ಡರ್ ಬೇರೆ, ದಿನ ಬೇರೆ ಎನ್ನುವುದು ಓನರ್‌ಗೂ ಒಂದೇ ಸಲಕ್ಕೆ ಹಿಡಿಸಿತು. ಬೇಲೂರು ಸರ್, ಲೈನ್ ಕ್ಲಿಯರ್ ಬೇಕಾದ ಕೆಲಸಗಳನ್ನೂ ಎಸ್ಟೇಟ್ ಗುಂಪಿಗೇ ಸೇರಿಸುತ್ತೇನೆ. ಕೆಲಸ ಖಾತ್ರಿ, ದಿನ ಬಾಕಿ. ಕೊಟೇಶನ್‌ನಲ್ಲಿ ಸಾಲು ಹಾಕುವುದಕ್ಕೆ ಓನರ್ ಸ್ವಲ್ಪ ಮುಖ ಗಂಟಿಕ್ಕಿದರು. ಹಳೇ ಎಸ್ಟೇಟಿನವರಿಗೆ ಬೇಡ, ಹೊಸಬರಿಗೆ ಮಾತ್ರ ಎಂದು ಒಪ್ಪಿದ್ದಾರೆ. ನನಗೂ ಅದು ಸರಿ ಎನಿಸಿತು. ಎಸ್ಟೇಟಿನವರ ಆರ್ಡರ್ ಹೇಗೂ ಗಟ್ಟಿ ತಾನೇ.

ಎರಡು ಪ್ರಶ್ನೆ ಉಳಿದಿವೆ. ಒಂದು, "ಹಿಡಿದಿದೆ" ಎಂದು ಬರೆಯುವಾಗ ವೈರ್‌ಮನ್‌ಗಳ ಹೆಸರು ಹಾಕಬೇಕೇ? ಇವತ್ತು ಒಬ್ಬರ ಹೆಸರು ಹಾಕಿದರೆ ಹೋಗುವ ದಿನ ಇನ್ನೊಬ್ಬರು ಹೋಗಿರುತ್ತಾರೆ. ಎರಡು, ಓನರ್ ದಾರಿಯಲ್ಲಿ ಯಾರಾದರೂ ಸಿಕ್ಕರೆ ಫೋನ್ ಮಾಡಿ "ಅವರದ್ದು ಹಾಕ್ಬಿಡು" ಎನ್ನುತ್ತಾರೆ. ಅದು ಯಾವ ಹಂತ ಎಂದು ನನಗೆ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ.

ಕಾಫಿ ತೋಟದ ಕೋಡರ್, ಚಿಕ್ಕಮಗಳೂರು

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ. ಇಷ್ಟು ಸಣ್ಣ ಟೀಮಿಗೆ ಮೈಕ್ರೋಸಾಫ್ಟ್ ಪ್ರಾಜೆಕ್ಟೇ ಬೇಕು ಅಂತೇನಿಲ್ಲ. ಫ್ಲೋಟ್ ಎನ್ನುವ ಸಾಫ್ಟ್‌ವೇರಿನಲ್ಲಿ ಇಡೀ ಪ್ರಾಜೆಕ್ಟನ್ನೇ ಟೆಂಟೇಟಿವ್ ಎಂದು ಗುರುತಿಸಬಹುದು. ರಿಸೋರ್ಸ್ ಗುರು ಎನ್ನುವುದರಲ್ಲಿ ಬುಕಿಂಗ್ ಒಂದರ ಮೇಲೊಂದು ಬಿದ್ದರೆ ವೇಟಿಂಗ್ ಲಿಸ್ಟಿಗೆ ಹಾಕಬಹುದು. ಎರಡೂ ಬ್ರೌಸರಿನಲ್ಲೇ ನಡೆಯುತ್ತವೆ, ಓನರ್ ಫೋನಿನಲ್ಲೇ ನೋಡಿಕೊಳ್ಳಬಹುದು. ತಿಂಗಳು ತಿಂಗಳು ತಲೆಗಿಷ್ಟು ಎಂದು ದುಡ್ಡು ಕಟ್ಟಬೇಕು, ಅದೊಂದೇ. ಕೆಲಸದ ಹಿಂದೆ ಕೆಲಸ ಲಿಂಕ್ ಮಾಡಿ ದೊಡ್ಡ ಗ್ಯಾಂಟ್ ಚಾರ್ಟ್ ಬೇಕು ಎಂದರೆ ಮಾತ್ರ ಈಗಿರುವುದೇ ವಾಸಿ.

ಗಿರಿಸಾಲಿನ ಗ್ಯಾಂಟ್, ಚಿಕ್ಕಮಗಳೂರು

ಹೆಸರಿನ ಪ್ರಶ್ನೆ ಒಳ್ಳೆಯದು. ನನ್ನ ಅಭಿಪ್ರಾಯ ಇದು. ಯಾರ ಬದಲು ಯಾರು ಬೇಕಾದರೂ ಹೋಗಬಹುದಾದರೆ ಹೆಸರು ಬೇಡ. ಬದಲಿ ಇಲ್ಲದವರಿಗೆ ಹೆಸರು ಬೇಕು. ಸೂಪರ್‌ವೈಸರ್ ಇಬ್ಬರೇ, ಜನರೇಟರ್ ಒಂದೇ. ಇವನ್ನು ಹಿಡಿಯುವಾಗಲೇ ಹೆಸರು ಹಾಕಿ. ವೈರ್‌ಮನ್‌ಗಳಿಗೆ ರಿಸೋರ್ಸ್ ಶೀಟಿನಲ್ಲಿ "ವೈರ್‌ಮನ್" ಎಂದು ಒಂದು ಜೆನೆರಿಕ್ (ಯಾರ ಹೆಸರೂ ಇಲ್ಲದ) ರಿಸೋರ್ಸ್ ಮಾಡಿ, ಮ್ಯಾಕ್ಸ್ ಯೂನಿಟ್ಸ್ 700 ಪರ್ಸೆಂಟ್ ಕೊಡಿ. ಮೂರು ಜನ ಬೇಕಿದ್ದರೆ 300. ಖಾತ್ರಿಯಾದ ಮೇಲೂ ಆ ವಾರ ಬರುವವರೆಗೆ ಹಾಗೇ ಇರಲಿ. ಹೊರಡುವ ಹಿಂದಿನ ದಿನ ಯಾರ್ಯಾರು ಎಂದು ಬೇರೆ ಪಟ್ಟಿ ಬರೆದರೆ ಸಾಕು.

ಒಂದು ಎಚ್ಚರಿಕೆ. ಏಳು ಜನರ ಹೆಸರೂ ಇದ್ದು, ಈ ಜೆನೆರಿಕ್ ಕೂಡ ಇದ್ದರೆ ಇಬ್ಬರೂ ಒಂದೇ ಎಂದು ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ನಿಮ್ಮ ಹತ್ತಿರ 14 ಜನ ಇದ್ದಾರೆ ಎಂದುಕೊಳ್ಳುತ್ತದೆ. ಒಂದೋ ಎಲ್ಲ ಕಡೆ ಜೆನೆರಿಕ್, ಇಲ್ಲ ಎಲ್ಲ ಕಡೆ ಹೆಸರು. ಬೆರಕೆ ಬೇಡ.

ಓನರ್ ವಿಷಯಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ಆದರೆ ದೊಡ್ಡವರು ಇದನ್ನು ಹೇಗೆ ಮಾಡುತ್ತಾರೆ ಎಂದು ಹೇಳುತ್ತೇನೆ. ಪ್ರಾಜೆಕ್ಟ್ ಸರ್ವರ್ 2016ರಲ್ಲಿ ಎಂಗೇಜ್‌ಮೆಂಟ್ಸ್ ಎಂದು ಒಂದು ಬಂತು. ಜನ ಬೇಕಾದವರು ಕೇಳಿಕೆ ಕಳಿಸಬೇಕು, ಆಗ ಅದು ಪ್ರಪೋಸ್ಡ್. ಜನರನ್ನು ನೋಡಿಕೊಳ್ಳುವವರು ಒಪ್ಪಿದ ಮೇಲೆಯೇ ಕಮಿಟೆಡ್. ಕೇಳುವವರೇ ತಮಗೆ ತಾವೇ ಕಮಿಟೆಡ್ ಬರೆದುಕೊಳ್ಳುವ ಹಾಗಿಲ್ಲ. ನಿಮ್ಮಲ್ಲಿ ಜನರನ್ನು ನೋಡಿಕೊಳ್ಳುವವರು ನೀವು. ಹಾಗಾಗಿ ಓನರ್ ಹೇಳಿದ್ದು ಏನೇ ಇರಲಿ, "ಕೇಳಿದ್ದಾರೆ" ಎಂದು ಬರೆಯಿರಿ. "ಎಲ್ಲಿಯವರೆಗೆ ಸಾರ್?" ಎಂದು ಕೇಳಿ. ದಿನ ಹೇಳಿದರೆ "ಹಿಡಿದಿದೆ". ರಸೀದಿ ಬಂದರೆ "ಖಾತ್ರಿ". ಆಗ ಯಾರಿಗೂ ಎದುರು ಮಾತಾಡಿದ ಹಾಗೂ ಆಗುವುದಿಲ್ಲ.

ಹೀಗೆ ಇಟ್ಟರೆ ಆ ಕೆಂಪು ಮನುಷ್ಯ ಕಾಣಿಸಿದಾಗ ಅದಕ್ಕೆ ಅರ್ಥ ಇರುತ್ತದೆ. ಹಿಡಿದದ್ದು, ಖಾತ್ರಿಯಾದದ್ದು ಎರಡೂ ಸೇರಿ ಜನ ಸಾಲುತ್ತಿಲ್ಲ, ಯಾರಿಗೋ ಫೋನ್ ಮಾಡಬೇಕು ಅಂತ.

ಸಂತೆಪೇಟೆ ಸರ್ಕ್ಯೂಟ್, ಹಾಸನ

ರಸೀದಿ ಬಂದರೆ ಖಾತ್ರಿ, ಇದನ್ನು ಬರೆದು ಮೇಜಿನ ಮೇಲೆ ಅಂಟಿಸುತ್ತೇನೆ. ಫ್ಲೋಟ್ ವಿಷಯ ಓನರ್ ಮಗನಿಗೆ ಕಳಿಸಿದೆ. ಅವರು ನೋಡುತ್ತೇನೆ ಎಂದಿದ್ದಾರೆ, ಅದು "ಕೇಳಿದ್ದಾರೆ" ಹಂತ.

ಆದರೆ ನನಗೆ ಇನ್‌ಆಕ್ಟಿವೇಟ್ ಬಟನ್ನೇ ಕಾಣುತ್ತಿಲ್ಲ. ಟಾಸ್ಕ್ ಟ್ಯಾಬ್ ಪೂರ್ತಿ ಹುಡುಕಿದೆ.

ಗಿರಿಸಾಲಿನ ಗ್ಯಾಂಟ್, ಚಿಕ್ಕಮಗಳೂರು

ಫೈಲ್‌ಗೆ ಹೋಗಿ ಅಕೌಂಟ್ ಒತ್ತಿ, ನಿಮ್ಮದು ಸ್ಟ್ಯಾಂಡರ್ಡ್ ಎಡಿಷನ್ ಎಂದಿರಬೇಕು. ಇನ್‌ಆಕ್ಟಿವೇಟ್ ಬಂದದ್ದು 2010ರಲ್ಲಿ, ಅದೂ ಪ್ರೊಫೆಷನಲ್ ಎಡಿಷನ್‌ಗೆ ಮಾತ್ರ. ದುಡ್ಡು ಹಾಕುವ ಅಗತ್ಯ ಇಲ್ಲ. "ಕೇಳಿದ್ದಾರೆ" ಕೆಲಸಗಳಿಗೆ ಒಂದು ಬೇರೆ ಫೈಲ್ ಮಾಡಿ. ದಿನ ಸಿಕ್ಕ ಮೇಲೆ ಅಲ್ಲಿಂದ ಕಟ್ ಮಾಡಿ ದೊಡ್ಡ ಫೈಲಿಗೆ ಪೇಸ್ಟ್ ಮಾಡಿ, ದಿನ ದಾಟಿದರೆ ವಾಪಸ್ ಕಳಿಸಿ. ಆಯ್ಕೆ ಮಾಡುವಾಗ ಎಡಗಡೆಯ ಸಾಲಿನ ನಂಬರ್ ಮೇಲೆ ಒತ್ತಿ. ಟಾಸ್ಕ್ ಹೆಸರಿನ ಮೇಲೆ ಒತ್ತಿದರೆ ಹೆಸರೊಂದೇ ಹೋಗುತ್ತದೆ, ಜನ, ದಿನಾಂಕ, ಹಂತ ಯಾವುದೂ ಜೊತೆಗೆ ಬರುವುದಿಲ್ಲ. ಎರಡೂ ಫೈಲಿನಲ್ಲಿ ರಿಸೋರ್ಸ್ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಒಂದರಲ್ಲಿ "ವೈರ್‌ಮನ್", ಇನ್ನೊಂದರಲ್ಲಿ "ವೈರ್‌ಮ್ಯಾನ್" ಎಂದಿದ್ದರೆ ಪೇಸ್ಟ್ ಮಾಡಿದ ತಕ್ಷಣ ಹೊಸ ರಿಸೋರ್ಸ್ ಒಂದು ಹುಟ್ಟಿಕೊಳ್ಳುತ್ತದೆ.